ಆಪ್ ಒಳಗಿನ ವೆಬ್ ಪುಟ: ಗೆರೆ ತುಂಬಿತು, ಕೆಲಸ ಆಯ್ತಾ?

ಖಾತೆಯಿಂದ ದುಡ್ಡು ಕಟ್ ಆಗಿದೆ ಅಂತ ಬ್ಯಾಂಕಿನಿಂದ ಮೆಸೇಜ್ ಬಂದಿರುತ್ತದೆ. ಆಪ್ ಮಾತ್ರ ‘ಪೇಮೆಂಟ್ ಫೇಲ್’ ಅನ್ನುತ್ತಿರುತ್ತದೆ. ಮತ್ತೆ ಕಟ್ಟಬೇಕಾ, ಸುಮ್ನೆ ಕಾಯಬೇಕಾ? ಮಲೆನಾಡಿನ ಹಳ್ಳಿಗಳಲ್ಲಿ ಈ ಪ್ರಶ್ನೆ ಈಗ ಹೊಸದಲ್ಲ. ಕರೆಂಟ್ ಬಿಲ್, ಪರೀಕ್ಷೆ ಶುಲ್ಕ, ಬಸ್ ಟಿಕೆಟ್ ಎಲ್ಲವೂ ಫೋನಿಗೆ ಬಂದಿವೆ. ಮೊದಲಾದರೆ ಕೌಂಟರಿನಲ್ಲಿ ಕೂತವರನ್ನು ಕೇಳಬಹುದಿತ್ತು, ರಸೀದಿ ಕೈಗೆ ಬರುತ್ತಿತ್ತು. ಈಗ ಪರದೆ ಏನು ಹೇಳುತ್ತದೋ ಅದೇ ಉತ್ತರ. ಆಗುಂಬೆ, ಹುಲಿಕಲ್ ಕಡೆಯಂತೆ ಸಿಗ್ನಲ್ ಒಂದು ಕಡ್ಡಿ ಬಂದು ಹೋಗುವ ಜಾಗದಲ್ಲಿ ಆ ಉತ್ತರ ತಪ್ಪುವುದು ಜಾಸ್ತಿ.

ಪರದೆ ಯಾಕೆ ತಪ್ಪು ಹೇಳುತ್ತದೆ ಅಂತ ತಿಳಿಯಲು ಕೋಡ್ ಬರೆಯಲು ಬರಬೇಕಾಗಿಲ್ಲ. ಆಪ್ ತನ್ನೊಳಗೆ ತೆರೆದ ವೆಬ್ ಪುಟವನ್ನು ಹೇಗೆ ಗಮನಿಸುತ್ತದೆ ಅನ್ನುವುದು ಗೊತ್ತಾದರೆ ಸಾಕು.

## ಆಪ್ ಒಳಗೊಂದು ಪುಟ್ಟ ಬ್ರೌಸರ್

ನಾವು ಬಳಸುವ ಎಷ್ಟೋ ಆಪ್‌ಗಳಲ್ಲಿ ಕೆಲವು ಪರದೆಗಳು ಆಪ್‌ನವೇ ಅಲ್ಲ. ಅವು ವೆಬ್‌ಸೈಟಿನ ಪುಟಗಳು. ‘ಪಾವತಿಸಿ’ ಬಟನ್ ಒತ್ತಿದ ಮೇಲೆ ಅಕ್ಷರದ ರೂಪ ಸ್ವಲ್ಪ ಬದಲಾಗಿ, ಮೇಲೊಂದು ಗೆರೆ ಓಡಿ, ಬ್ಯಾಂಕಿನ ಹೆಸರಿರುವ ಪುಟ ಬರುತ್ತದಲ್ವಾ? ಆಗ ಆಪ್ ತನ್ನ ಪರದೆಯಲ್ಲಿ ಒಂದು ಚೌಕಟ್ಟು ತೆರೆದು, ಅದರೊಳಗೆ ವೆಬ್ ಪುಟವನ್ನು ಕೂರಿಸಿರುತ್ತದೆ. ಆ ಚೌಕಟ್ಟಿಗೆ ವೆಬ್‌ವ್ಯೂ ಅನ್ನುತ್ತಾರೆ. ಅದು ಬ್ರೌಸರೇ. ಆದರೆ ವಿಳಾಸದ ಪಟ್ಟಿ, ಟ್ಯಾಬ್, ಬುಕ್‌ಮಾರ್ಕ್ ಯಾವುದೂ ಇರುವುದಿಲ್ಲ.

ಆಂಡ್ರಾಯ್ಡ್‌ನಲ್ಲಿ ವೆಬ್‌ವ್ಯೂ 2008ರ ಮೊದಲ ಆವೃತ್ತಿಯಿಂದಲೇ ಇದೆ. 2013ರಲ್ಲಿ ಬಂದ ಆಂಡ್ರಾಯ್ಡ್ 4.4ರಿಂದ ಅದು ಕ್ರೋಮ್‌ಗೆ ಬುನಾದಿಯಾದ ಕ್ರೋಮಿಯಂ ಮೇಲೆ ನಡೆಯುತ್ತಿದೆ. ಐಫೋನ್‌ನಲ್ಲಿ ಈಗ ಬಳಕೆಯಲ್ಲಿರುವುದು 2014ರಲ್ಲಿ ಐಒಎಸ್ 8ರ ಜೊತೆ ಬಂದ ಡಬ್ಲ್ಯುಕೆವೆಬ್‌ವ್ಯೂ.

ಆಪ್ ಮಾಡುವವರು ಇದನ್ನು ಯಾಕೆ ಬಳಸುತ್ತಾರೆ? ಒಂದು ಪುಟ ಬರೆದರೆ ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಆಗುತ್ತದೆ. ಫಾರ್ಮ್‌ನಲ್ಲಿ ಒಂದು ಸಾಲು ತಿದ್ದಿದ್ದಕ್ಕೆ ಎಲ್ಲರೂ ಆಪ್ ಅಪ್‌ಡೇಟ್ ಮಾಡಿಕೊಳ್ಳಬೇಕಿಲ್ಲ. ಇನ್ನು ಕಾರ್ಡಿನಲ್ಲಿ ಹಣ ಕಟ್ಟುವಾಗ ಒಟಿಪಿ ಹಾಕಬೇಕಾದದ್ದು ಸಾಮಾನ್ಯವಾಗಿ ಬ್ಯಾಂಕಿನ ಕಡೆಯ ಪುಟದಲ್ಲಿ. ಅದನ್ನು ಹೇಗಾದರೂ ಒಳಗೆ ತೋರಿಸಲೇಬೇಕು.

## ಒಳಗೆ ಏನಾಯ್ತು ಅಂತ ಆಪ್‌ಗೆ ಗೊತ್ತಾಗೋದು ಹೇಗೆ?

ಚೌಕಟ್ಟು ಆಪ್‌ನದು, ಒಳಗಿನ ಪುಟ ಬೇರೆಯವರದು. ಪುಟದಲ್ಲಿ ಬದಲಾವಣೆ ಆದಾಗ ಅದು ತಾನಾಗಿ ಆಪ್‌ಗೆ ತಿಳಿಯುವುದಿಲ್ಲ. ಆಪ್ ಅದನ್ನು ಕೇಳಿ ತಿಳಿದುಕೊಳ್ಳಬೇಕು.

ಶಿವಮೊಗ್ಗದ ಮಂಡಿಗೆ ಅಡಿಕೆ ಹಾಕಿ ಬಂದವರು ‘ರಾಶಿ’ ಬಗೆಯ ಅಡಿಕೆ ದರ ಏರಿತಾ ಅಂತ ತಿಳಿಯಲು ಎರಡು ದಾರಿ ಇದೆ. ಗಂಟೆಗೊಮ್ಮೆ ತಾವೇ ಮಂಡಿಗೆ ಫೋನ್ ಮಾಡಬಹುದು. ಇಲ್ಲವೇ, ‘ದರ ಬದಲಾದ ಕೂಡಲೇ ಒಂದು ಫೋನ್ ಮಾಡ್ರಿ’ ಅಂತ ನಂಬರ್ ಬರೆಸಿ ಬರಬಹುದು. ಮೊದಲನೆಯದರಲ್ಲಿ ಶ್ರಮ ಜಾಸ್ತಿ, ಎರಡು ಫೋನಿನ ನಡುವೆ ದರ ಏರಿ ಇಳಿದರೆ ಗೊತ್ತೇ ಆಗುವುದಿಲ್ಲ. ಎರಡನೆಯದರಲ್ಲಿ ಬದಲಾವಣೆಯೇ ಮನೆಗೆ ಸುದ್ದಿ ತರುತ್ತದೆ. ಆಪ್‌ಗಳು ವೆಬ್‌ವ್ಯೂ ಜೊತೆ ಮಾಡಿಕೊಳ್ಳುವುದು ಈ ಎರಡನೆಯ ಏರ್ಪಾಡು.

ಯಾವ ಯಾವ ಸುದ್ದಿ ಬೇಕು ಅಂತ ಆಪ್ ಮೊದಲೇ ಹೇಳಿರಬೇಕು. ಐಫೋನ್‌ನ ವೆಬ್‌ವ್ಯೂನಲ್ಲಿ ಹೀಗೆ ಗಮನಿಸಬಹುದಾದ ಗುಣಗಳು ಕೆಲವಿವೆ: ಪುಟದ ವಿಳಾಸ, ಶೀರ್ಷಿಕೆ, ಇನ್ನೂ ಲೋಡ್ ಆಗ್ತಾ ಇದೆಯಾ, ಎಷ್ಟು ಭಾಗ ಬಂದಿದೆ, ಹಿಂದಕ್ಕೆ ಹೋಗಲು ಪುಟ ಇದೆಯಾ, ಮುಂದಕ್ಕೆ ಇದೆಯಾ, ಬಂದದ್ದೆಲ್ಲ ಸುರಕ್ಷಿತ ಸಂಪರ್ಕದಲ್ಲೇ ಬಂತಾ. ಇವುಗಳಲ್ಲಿ ಯಾವುದಾದರೂ ಬದಲಾದ ಕ್ಷಣ ಆಪ್‌ಗೆ ಅದರ ಹಳೆಯ ಸ್ಥಿತಿ, ಹೊಸ ಸ್ಥಿತಿ ಎರಡೂ ತಲುಪುವಂತೆ ಮಾಡಬಹುದು. ಈ ಪದ್ಧತಿಗೆ ಕೀ-ವ್ಯಾಲ್ಯೂ ಅಬ್ಸರ್ವಿಂಗ್ ಅಂತ ಹೆಸರು. ಬರೆಯುವವರು ಸುಮ್ನೆ ಕೆವಿಒ ಅನ್ನುತ್ತಾರೆ.

ಇದರ ಜೊತೆಗೆ ಪ್ರಯಾಣದ ಘಟ್ಟಗಳ ಸುದ್ದಿ ಬೇರೆ ಬರುತ್ತದೆ. ಪುಟಕ್ಕೆ ಕೋರಿಕೆ ಹೊರಟಿತು, ಆ ಕಡೆಯಿಂದ ಮೊದಲ ತುಣುಕು ಬರಲು ಶುರುವಾಯಿತು, ಪೂರ್ತಿ ಬಂತು. ಸೋಲಿಗೂ ಎರಡು ಬಗೆ ಇದೆ. ಪುಟದ ಮೊದಲ ತುಣುಕು ಬರುವ ಮೊದಲೇ ತಪ್ಪಿದ್ದು ಒಂದು, ಪುಟ ಅರ್ಧ ಬಂದ ಮೇಲೆ ಕಡಿದುಹೋದದ್ದು ಇನ್ನೊಂದು. ಒಳ್ಳೆಯ ಆಪ್ ಈ ಎರಡಕ್ಕೂ ಬೇರೆ ಬೇರೆ ಮಾತು ತೋರಿಸುತ್ತದೆ. ಮೊದಲನೆಯದಕ್ಕೆ ‘ನೆಟ್‌ವರ್ಕ್ ಇಲ್ಲ, ಮತ್ತೆ ಪ್ರಯತ್ನಿಸಿ’ ಅಂದರೆ ಸಾಮಾನ್ಯವಾಗಿ ಸಾಕು. ಎರಡನೆಯದಕ್ಕೆ ಹಾಗೆ ಸುಲಭವಾಗಿ ಹೇಳುವಂತಿಲ್ಲ, ಅದರಲ್ಲೂ ಹಣದ ಪುಟವಾದರೆ.

ಆಂಡ್ರಾಯ್ಡ್‌ನಲ್ಲಿ ಕೆಲಸ ಇಬ್ಬರು ಸಹಾಯಕರ ನಡುವೆ ಹಂಚಿಹೋಗಿದೆ. ವೆಬ್‌ವ್ಯೂಕ್ಲೈಂಟ್ ಅನ್ನುವುದು ಪುಟ ಶುರುವಾದದ್ದು, ಮುಗಿದದ್ದು, ತಪ್ಪಿದ್ದು, ಹೊಸ ವಿಳಾಸಕ್ಕೆ ಹೊರಟದ್ದನ್ನು ಹೇಳುತ್ತದೆ. ವೆಬ್‌ಕ್ರೋಮ್‌ಕ್ಲೈಂಟ್ ಅನ್ನುವುದು 0ಯಿಂದ 100ರವರೆಗಿನ ಪ್ರಗತಿ, ಶೀರ್ಷಿಕೆ, ಪುಟದ ಗುರುತಿನ ಚಿತ್ರ ಇಂಥವನ್ನು ಹೇಳುತ್ತದೆ. ಎರಡೂ ಬಗೆಯ ಫೋನಿಗೆ ಒಟ್ಟಿಗೆ ಆಪ್ ಬರೆಯಲು ಬಳಸುವ ಫ್ಲಟರ್, ರಿಯಾಕ್ಟ್ ನೇಟಿವ್‌ನಲ್ಲಿ ಬರೆದ ಆಪ್‌ಗಳಲ್ಲೂ ಅಡಿಯಲ್ಲಿ ಇದೇ ನಡೆಯುತ್ತಿರುತ್ತದೆ.

ಶಿವಮೊಗ್ಗದ ಕಾಲೇಜುಗಳಲ್ಲಿ ಆಪ್ ಬರೆಯಲು ಕಲಿಯುತ್ತಿರುವವರಿಗೆ ಒಂದು ಮಾತು. ಐಫೋನ್ ಆಪ್ ಬರೆಯುವ ಭಾಷೆಯಾದ ಸ್ವಿಫ್ಟ್‌ನಲ್ಲಿ ಗಮನಿಸಲು ಶುರು ಮಾಡಿದಾಗ ಕೈಗೆ ಒಂದು ಟೋಕನ್ ಬರುತ್ತದೆ. ಅದನ್ನು ಎಲ್ಲಾದರೂ ಇಟ್ಟುಕೊಳ್ಳದಿದ್ದರೆ ಗಮನಿಸುವುದು ಅಲ್ಲಿಗೇ ನಿಂತುಬಿಡುತ್ತದೆ. ತಪ್ಪು ಅಂತ ಯಾವ ಸೂಚನೆಯೂ ಬರುವುದಿಲ್ಲ. ಕೋಡ್ ಸರಿಯಾಗಿದೆ, ಗೆರೆ ಮಾತ್ರ ಅಲ್ಲಾಡುತ್ತಿಲ್ಲ ಅನ್ನುವ ಎಷ್ಟೋ ಪರದಾಟಕ್ಕೆ ಕಾರಣ ಇಷ್ಟೇ.

## ಮೇಲೆ ಓಡುವ ಗೆರೆ ಹೇಳುವುದು ಅಂದಾಜು

ಪುಟ ಬರುವಾಗ ಪರದೆಯ ತಲೆಯ ಮೇಲೆ ಓಡುವ ಗೆರೆಯನ್ನು ಗಮನಿಸಿ ನೋಡಿ. ಒತ್ತಿದ ತಕ್ಷಣ ಸ್ವಲ್ಪ ಮುಂದೆ ಹಾರುತ್ತದೆ, ಆಮೇಲೆ ನಿಧಾನವಾಗುತ್ತದೆ, ಕೊನೆಯಲ್ಲಿ ಪಟ್ಟನೆ ತುಂಬುತ್ತದೆ. ಹೀಗೇಕೆ?

ಐಫೋನ್‌ನಲ್ಲಿ ಪುಟವನ್ನು ತಂದು ಪರದೆಗೆ ಮೂಡಿಸುವ ವೆಬ್‌ಕಿಟ್ ಎಂಜಿನ್ನಿನ ಕೋಡ್ ಎಲ್ಲರಿಗೂ ತೆರೆದಿದೆ, ಅದರಲ್ಲಿ ಉತ್ತರ ಸಿಗುತ್ತದೆ. ಪ್ರಗತಿ ಶುರುವಾಗುವುದೇ 0.1ರಿಂದ, ಅಂದರೆ ಹತ್ತರಲ್ಲಿ ಒಂದು ಪಾಲಿನಿಂದ. ಆಗಿನ್ನೂ ಒಂದಕ್ಷರವೂ ಬಂದಿರುವುದಿಲ್ಲ. ಒತ್ತಿದ್ದು ತಾಗಿದೆ ಅಂತ ಬಳಕೆದಾರರಿಗೆ ತಿಳಿಯಲಿ ಅಂತ ಹಾಗಿಟ್ಟಿದ್ದಾರೆ. ಆಮೇಲೆ ಬರುವ ಪ್ರತಿ ತುಣುಕು, ಅಂದರೆ ಪುಟದ ಬರಹ, ಚಿತ್ರ, ವಿನ್ಯಾಸದ ಫೈಲು, ಒಟ್ಟು ಎಷ್ಟು ದೊಡ್ಡದು ಅಂತ ಸರ್ವರ್ ಮೊದಲೇ ಹೇಳಿದರೆ ಲೆಕ್ಕ ಸುಲಭ. ಹೇಳದಿದ್ದರೆ ಎಂಜಿನ್ ಅದನ್ನು 16 ಕೆಬಿ ಅಂತ ಊಹಿಸಿಕೊಳ್ಳುತ್ತದೆ. ಬಂದದ್ದು ಊಹೆ ಮೀರಿತೋ, ಅಲ್ಲಿಯವರೆಗೆ ಬಂದದ್ದರ ಎರಡು ಪಟ್ಟು ಅಂತ ಊಹೆಯನ್ನು ಹಿಗ್ಗಿಸುತ್ತದೆ. ನಾವು ಮುಕ್ಕಾಲು ಆಯ್ತು ಅಂದುಕೊಂಡ ಗೆರೆ ತೆವಳಲು ಶುರು ಮಾಡುವುದಕ್ಕೆ ಇದೂ ಒಂದು ಕಾರಣ.

ಹಾಗಾಗಿ ಗೆರೆ ನಿಂತಿದೆ ಅಂದ ಮಾತ್ರಕ್ಕೆ ಕೆಲಸ ನಿಂತಿದೆ ಅಂತಲ್ಲ. ಗೆರೆ ತುಂಬಿತು ಅಂದರೆ ಪುಟದ ಸರಕು ಬಂದಿಳಿಯಿತು ಅಂತ ಅರ್ಥ. ಆ ಪುಟದಲ್ಲಿ ‘ಸರ್ವರ್ ದೋಷ, ಆಮೇಲೆ ಬನ್ನಿ’ ಅಂತ ಬರೆದಿದ್ದರೂ ಗೆರೆ ತುಂಬುತ್ತದೆ. ಆಂಡ್ರಾಯ್ಡ್‌ನಲ್ಲಂತೂ ನೆಟ್‌ವರ್ಕ್ ಕಡಿದು ‘ಪುಟ ಲಭ್ಯವಿಲ್ಲ’ ಅಂತ ತೋರಿಸುವಾಗಲೂ ‘ಪುಟ ಮುಗಿಯಿತು’ ಅನ್ನುವ ಸುದ್ದಿ ಆಪ್‌ಗೆ ಹೋಗುತ್ತದೆ. ದೋಷದ ಪುಟವೂ ಪೂರ್ತಿ ಲೋಡ್ ಆದ ಪುಟವೇ ಅಲ್ವಾ? ಆ ಸುದ್ದಿಯೊಂದನ್ನೇ ನಂಬಿ ‘ಯಶಸ್ವಿ’ ಅಂತ ತೋರಿಸಿದ ಆಪ್ ಜನರನ್ನು ದಾರಿ ತಪ್ಪಿಸುತ್ತದೆ.

## ಪುಟ ಒಂದೇ, ಪರದೆ ಹತ್ತು

ಈಗಿನ ಅನೇಕ ವೆಬ್‌ಸೈಟುಗಳು ಒಂದೇ ಪುಟದಲ್ಲಿ ನಡೆಯುತ್ತವೆ. ಹೆಸರು ಹಾಕಿ ‘ಮುಂದೆ’ ಒತ್ತಿದರೆ ವಿಳಾಸ ಕೇಳುತ್ತದೆ, ಮತ್ತೆ ಒತ್ತಿದರೆ ಫೋಟೋ ಕೇಳುತ್ತದೆ. ನಮಗೆ ಮೂರು ಪುಟ ದಾಟಿದಂತೆ ಕಾಣುತ್ತದೆ. ನಿಜದಲ್ಲಿ ಪುಟ ಒಂದೇ. ಒಳಗಿನ ಜಾವಾಸ್ಕ್ರಿಪ್ಟ್, ಅಂದರೆ ಪುಟದೊಳಗೇ ಓಡುವ ಕೋಡ್, ಪರದೆಯನ್ನು ಬದಲಿಸಿ, ವಿಳಾಸವನ್ನು ತಾನೇ ತಿದ್ದಿರುತ್ತದೆ.

ಆಪ್ ಇಲ್ಲಿ ಮುಗ್ಗರಿಸುತ್ತದೆ. ಹೊಸ ಪುಟ ಲೋಡ್ ಆಗಿಲ್ಲವಾದ್ದರಿಂದ ‘ಶುರುವಾಯಿತು’, ‘ಮುಗಿಯಿತು’ ಎರಡೂ ಸುದ್ದಿ ಬರುವುದಿಲ್ಲ. ಆದರೆ ಐಫೋನ್‌ನಲ್ಲಿ ವಿಳಾಸವನ್ನೇ ಗಮನಿಸಲು ಹೇಳಿದ್ದರೆ ಅದರ ಬದಲಾವಣೆ ತಿಳಿಯುತ್ತದೆ. ಆಂಡ್ರಾಯ್ಡ್‌ನಲ್ಲಿ ನೋಡಿದ ಪುಟಗಳ ಚರಿತ್ರೆ ಬದಲಾದಾಗ ಬರುವ ಬೇರೊಂದು ಸುದ್ದಿ ಇದೆ, ಅದನ್ನು ಕೇಳಿಕೊಂಡಿರಬೇಕು. ಪುಟ ಮತ್ತು ಆಪ್ ಒಬ್ಬರದೇ ಆಗಿದ್ದರೆ ಇನ್ನೂ ಒಳ್ಳೆಯ ದಾರಿ ಇದೆ: ‘ಫಾರ್ಮ್ ಸೇವ್ ಆಯ್ತು’ ಅಂತ ಪುಟವೇ ಆಪ್‌ಗೆ ನೇರವಾಗಿ ಸಂದೇಶ ಕಳಿಸುವಂತೆ ಮಾಡುವುದು.

ಬ್ಯಾಕ್ ಬಟನ್ ಒತ್ತಿದರೆ ತುಂಬಿದ ಫಾರ್ಮ್ ಪೂರ್ತಿ ಹಾರಿಹೋಗುವುದೂ ಈ ಗಮನದ ಕೊರತೆಯಿಂದಲೇ. ಹಿಂದಕ್ಕೆ ಹೋಗಲು ಪುಟ ಇದೆಯಾ ಅಂತ ಆಪ್ ವೆಬ್‌ವ್ಯೂವನ್ನು ಕೇಳಬೇಕು. ಇದ್ದರೆ ಒಳಗೇ ಒಂದು ಹೆಜ್ಜೆ ಹಿಂದೆ ಹೋಗಬೇಕು. ಕೇಳದ ಆಪ್ ಚೌಕಟ್ಟನ್ನೇ ಮುಚ್ಚಿಬಿಡುತ್ತದೆ. ಸೈಬರ್ ಸೆಂಟರ್‌ಗೆ ಹೋಗದೆ ಮನೆಯಲ್ಲೇ ಕೂತು ಅರ್ಜಿ ತುಂಬುವ ಮಕ್ಕಳಿಗೆ ಇದು ಎಷ್ಟು ಬೇಜಾರಿನ ಸಂಗತಿ ಅಂತ ಆಪ್ ಮಾಡುವವರು ಯೋಚಿಸಬೇಕು. ಸರಿಪಡಿಸಲು ಬೇಕಾದದ್ದು ಕೆಲವೇ ಸಾಲು.

## ಹಣ ಕಟ್ಟುವಾಗ ಏನು ನಡೆಯುತ್ತದೆ?

ಕಾರ್ಡಿನಲ್ಲಿ ಹಣ ಕಟ್ಟುವ ದಾರಿಯನ್ನು ಒಂದೊಂದಾಗಿ ನೋಡೋಣ. ಆಪ್ ವೆಬ್‌ವ್ಯೂ ತೆರೆದು ಪೇಮೆಂಟ್ ಗೇಟ್‌ವೇ ಪುಟ ತರುತ್ತದೆ. ಗೇಟ್‌ವೇ ಅಂದರೆ ಅಂಗಡಿಗೂ ಬ್ಯಾಂಕಿಗೂ ನಡುವೆ ನಿಂತು ಹಣದ ವಹಿವಾಟು ನೋಡಿಕೊಳ್ಳುವ ಸಂಸ್ಥೆ. ಅಲ್ಲಿಂದ ಬ್ಯಾಂಕಿನ ಪುಟ. ಒಟಿಪಿ ಹಾಕುತ್ತೀರಿ. ಬ್ಯಾಂಕ್ ಒಟಿಪಿ ಸರಿಯಿದೆಯಾ ನೋಡಿ, ವೆಬ್‌ವ್ಯೂವನ್ನು ಮತ್ತೆ ಗೇಟ್‌ವೇಗೆ ಕಳಿಸುತ್ತದೆ. ಗೇಟ್‌ವೇ ಬ್ಯಾಂಕಿನಿಂದ ಹಣ ಕಡಿಸಿ, ವೆಬ್‌ವ್ಯೂವನ್ನು ಕೊನೆಯ ವಿಳಾಸವೊಂದಕ್ಕೆ ಕಳಿಸುತ್ತದೆ. ಆ ವಿಳಾಸದಲ್ಲೇ ‘ಸಕ್ಸೆಸ್’ ಅಥವಾ ‘ಫೇಲ್ಯೂರ್’ ಅನ್ನುವ ಗುರುತು ಇರುತ್ತದೆ. ಅಷ್ಟು ಹೊತ್ತೂ ಆಪ್ ವಿಳಾಸವನ್ನು ಕಾಯುತ್ತಾ ಕೂತಿರುತ್ತದೆ. ಕೊನೆಯ ವಿಳಾಸ ಕಂಡ ಕೂಡಲೇ ಚೌಕಟ್ಟು ಮುಚ್ಚಿ ಹಸಿರು ಗುರುತು ತೋರಿಸುತ್ತದೆ. ‘ಬ್ಯಾಕ್ ಒತ್ತಬೇಡಿ, ರಿಫ್ರೆಶ್ ಮಾಡಬೇಡಿ’ ಅಂತ ಪುಟದಲ್ಲಿ ಬರೆದಿರುವುದು ಈ ಓಟ ನಡುವೆ ಕಡಿಯದಿರಲಿ ಅಂತ.

ಬ್ಯಾಂಕ್ ಹಣ ಕಡಿದ ಮೇಲೆ, ಕೊನೆಯ ವಿಳಾಸ ತಲುಪುವ ಮೊದಲು ಸಿಗ್ನಲ್ ಹೋದರೆ? ಬ್ಯಾಂಕಿನ ಪುಸ್ತಕದಲ್ಲಿ ಹಣ ಹೋಗಿದೆ. ವೆಬ್‌ವ್ಯೂ ಆ ವಿಳಾಸಕ್ಕೆ ತಲುಪಲೇ ಇಲ್ಲ. ಆಪ್ ಕಾದು ಕಾದು ‘ಫೇಲ್’ ಅನ್ನುತ್ತದೆ. ಅದಕ್ಕೆ ಕಂಡದ್ದು ಅಷ್ಟೇ. ಇಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ನಿಮ್ಮ ಫೋನಿಗೂ ಸರ್ವರಿಗೂ ನಡುವಿನ ದಾರಿ ಕಡಿದಿದೆ.

ಅದಕ್ಕಾಗಿಯೇ ಇನ್ನೊಂದು ದಾರಿ ಇರುತ್ತದೆ. ಗೇಟ್‌ವೇಯ ಸರ್ವರ್ ಅಂಗಡಿಯ ಸರ್ವರಿಗೆ ‘ಹಣ ಬಂತು’ ಅಂತ ನೇರವಾಗಿ ತಿಳಿಸುತ್ತದೆ. ಇದಕ್ಕೆ ವೆಬ್‌ಹುಕ್ ಅನ್ನುತ್ತಾರೆ. ಅದಕ್ಕೆ ನಿಮ್ಮ ಫೋನಿನ ಸಿಗ್ನಲ್ ಬೇಕಿಲ್ಲ. ಆಪ್ ಸರಿಯಾಗಿ ಬರೆದಿದ್ದರೆ ವಿಳಾಸ ನೋಡಿ ತೀರ್ಮಾನ ಮಾಡುವುದಿಲ್ಲ, ತನ್ನ ಸರ್ವರನ್ನು ಕೇಳಿ ತೀರ್ಮಾನ ಮಾಡುತ್ತದೆ, ಅಲ್ಲಿಯವರೆಗೆ ‘ಪರಿಶೀಲಿಸಲಾಗುತ್ತಿದೆ’ ಅಂತ ತೋರಿಸುತ್ತದೆ. ವಿಳಾಸವೊಂದನ್ನೇ ನಂಬಬಾರದು ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ವಿಳಾಸವನ್ನು ಯಾರು ಬೇಕಾದರೂ ಟೈಪ್ ಮಾಡಬಹುದು.

ಯುಪಿಐ ಮೂಲಕ ಕಟ್ಟುವಾಗ ಮತ್ತೊಂದು ತೊಡಕು ಬರುತ್ತದೆ. ಪುಟದಲ್ಲಿ ಯುಪಿಐ ಬಟನ್ ಒತ್ತಿದರೆ ಅದು ತೆರೆಯಲು ಹೊರಡುವ ವಿಳಾಸ ಶುರುವಾಗುವುದು ಎಚ್‌ಟಿಟಿಪಿಎಸ್ ಅಂತ ಅಲ್ಲ, ಯುಪಿಐ ಅಂತ. ವೆಬ್‌ವ್ಯೂಗೆ ಅಂಥ ವಿಳಾಸ ಗೊತ್ತಿಲ್ಲ. ಹೊಸ ವಿಳಾಸಕ್ಕೆ ಹೊರಟ ಸುದ್ದಿ ಬಂದಾಗ ಆಪ್ ಅದನ್ನು ತಡೆದು, ಫೋನಿನಲ್ಲಿರುವ ಯುಪಿಐ ಆಪ್‌ಗೆ ಒಪ್ಪಿಸಬೇಕು. ಒಪ್ಪಿಸದಿದ್ದರೆ ‘ಇಆರ್‌ಆರ್ ಅನ್‌ನೋನ್ ಯುಆರ್‌ಎಲ್ ಸ್ಕೀಮ್’ ಅನ್ನುವ ದೋಷದ ಸಾಲು ಪರದೆಗೆ ಬರುತ್ತದೆ. ಇದನ್ನು ಕಂಡರೆ ಗಾಬರಿ ಬೇಡ. ನಿಮ್ಮ ಯುಪಿಐ ಆಪ್ ತೆರೆದೇ ಇಲ್ಲ, ಪಿನ್ ಹಾಕಿಯೇ ಇಲ್ಲ ಅಂದಮೇಲೆ ಹಣವೂ ಹೋಗಿರುವುದಿಲ್ಲ.

ದುಡ್ಡು ಕಟ್ ಆಗಿ ಆಪ್ ಫೇಲ್ ಅಂದರೆ ಮೊದಲು ಮಾಡಬೇಕಾದದ್ದು ಕಾಯುವುದು. ಸಿಗ್ನಲ್ ಚೆನ್ನಾಗಿರುವ ಕಡೆ ಬಂದು, ಆಪ್ ಮುಚ್ಚಿ ತೆರೆದು, ಬಿಲ್ ‘ಪಾವತಿಯಾಗಿದೆ’ ಅಂತ ಬಂದಿದೆಯಾ ನೋಡಿ. ವೆಬ್‌ಹುಕ್ ತಲುಪಿದ್ದರೆ ಬಂದಿರುತ್ತದೆ, ಮತ್ತೆ ಕಟ್ಟಿದರೆ ಎರಡು ಸಲ ಕಟ್ಟಿದಂತಾಗುತ್ತದೆ. ಬಂದಿಲ್ಲವಾದರೆ ಭಾರತೀಯ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆ ನಿಮ್ಮ ಪರ ಇದೆ. ಖಾತೆಯಿಂದ ಹಣ ಹೋಗಿ ಅಂಗಡಿಯ ಕಡೆಗೆ ಖಾತ್ರಿ ತಲುಪದಿದ್ದರೆ, ವಹಿವಾಟಿನ ದಿನದಿಂದ 5 ದಿನದೊಳಗೆ ಹಣ ತಾನಾಗಿ ವಾಪಸ್ ಬರಬೇಕು. ಆನ್‌ಲೈನ್ ಕಾರ್ಡ್ ಪಾವತಿಗೂ, ಯುಪಿಐನಲ್ಲಿ ಅಂಗಡಿಗೆ ಕಟ್ಟಿದ್ದಕ್ಕೂ ಇದೇ ನಿಯಮ. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು, ಅದಕ್ಕೆ ಗ್ರಾಹಕರು ದೂರು ಕೊಡುವವರೆಗೆ ಕಾಯಬಾರದು ಅಂತಲೂ ಅದರಲ್ಲಿದೆ. ಬ್ಯಾಂಕಿಗೆ ಹೋಗಬೇಕಾಗಿ ಬಂದರೆ ದಿನಾಂಕ, ಮೊತ್ತ, ಯುಪಿಐ ಆದರೆ 12 ಅಂಕಿಯ ರೆಫರೆನ್ಸ್ ಸಂಖ್ಯೆ ಬರೆದುಕೊಂಡು ಹೋಗಿ.

## ಪರದೆ ಪೂರ್ತಿ ಬಿಳಿಯಾದರೆ

ಐಫೋನ್‌ನಲ್ಲಿ, ಹಾಗೂ 2017ರ ಆಂಡ್ರಾಯ್ಡ್ 8ರಿಂದ ಈಚೆಗೆ ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ, ವೆಬ್ ಪುಟ ಓಡುವುದು ಆಪ್‌ನಿಂದ ಬೇರೆಯಾದ ಪ್ರಕ್ರಿಯೆಯಲ್ಲಿ, ಅಂದರೆ ಫೋನ್ ಪ್ರತ್ಯೇಕವಾಗಿ ನಡೆಸುವ ಕೆಲಸವಾಗಿ. ಪುಟ ಕೆಟ್ಟರೆ ಆಪ್ ಕೆಡದಿರಲಿ ಅಂತ ಈ ಏರ್ಪಾಡು. ಫೋನಿನ ಮೆಮೊರಿ ಸಾಲದಾದಾಗ ವ್ಯವಸ್ಥೆ ಆ ಪ್ರಕ್ರಿಯೆಯನ್ನು ನಿಲ್ಲಿಸಬಹುದು. ಒಟಿಪಿ ನೋಡಲು ಮೆಸೇಜಿಗೆ ಹೋಗಿ ವಾಪಸ್ ಬರುವಷ್ಟರಲ್ಲಿ ಪುಟ ಬಿಳಿಯಾಗುವುದು ಹೀಗೆ. ಇದಕ್ಕೂ ಒಂದು ಸುದ್ದಿ ಇದೆ. ಅದನ್ನು ಕೇಳಿಕೊಂಡ ಆಪ್ ಪುಟವನ್ನು ಮತ್ತೆ ತರುತ್ತದೆ, ಇಲ್ಲವೇ ಏನಾಯಿತು ಅಂತ ಹೇಳುತ್ತದೆ. ಕೇಳಿಕೊಳ್ಳದಿದ್ದರೆ ಐಫೋನ್‌ನಲ್ಲಿ ಖಾಲಿ ಪರದೆ ಉಳಿಯುತ್ತದೆ, ಆಂಡ್ರಾಯ್ಡ್‌ನಲ್ಲಿ ಆಪ್ ಪೂರ್ತಿ ಮುಚ್ಚಿಹೋಗುತ್ತದೆ.

ವೆಬ್‌ವ್ಯೂ ಕೆಟ್ಟರೆ ಎಷ್ಟು ಆಪ್‌ಗಳಿಗೆ ತಾಗುತ್ತದೆ ಅನ್ನುವುದು 2021ರ ಮಾರ್ಚ್‌ನಲ್ಲಿ ಗೊತ್ತಾಯಿತು. ಆಂಡ್ರಾಯ್ಡ್ 5ರಿಂದ ಈ ಭಾಗ ಪ್ಲೇ ಸ್ಟೋರ್ ಮೂಲಕ ಬೇರೆಯಾಗಿ ಅಪ್‌ಡೇಟ್ ಆಗುತ್ತದೆ. ಆಗ ಬಂದ ಒಂದು ಅಪ್‌ಡೇಟಿನ ದೋಷದಿಂದ ಜಿಮೇಲ್ ಸೇರಿ ಎಷ್ಟೋ ಆಪ್‌ಗಳು ಜಗತ್ತಿನಾದ್ಯಂತ ತೆರೆದ ಕೂಡಲೇ ಮುಚ್ಚತೊಡಗಿದವು. ಗೂಗಲ್ ಬೇಗನೆ ಸರಿಪಡಿಸಿದ ಆವೃತ್ತಿ ಬಿಟ್ಟಿತು. ಒಂದೇ ಫೋನಿನಲ್ಲಿ ಹಲವು ಆಪ್‌ಗಳು ಏಕಕಾಲಕ್ಕೆ ಹಟ ಹಿಡಿದರೆ ಪ್ಲೇ ಸ್ಟೋರ್‌ನಲ್ಲಿ ‘ಆಂಡ್ರಾಯ್ಡ್ ಸಿಸ್ಟಮ್ ವೆಬ್‌ವ್ಯೂ’ ಮತ್ತು ಕ್ರೋಮ್ ಎರಡನ್ನೂ ಅಪ್‌ಡೇಟ್ ಮಾಡಿ ನೋಡುವುದು ಒಳ್ಳೆಯದು.

## ಗಮನಿಸುವ ಕಣ್ಣು ಎಷ್ಟು ಒಳಗೆ ನೋಡಬಲ್ಲದು?

ವಿಳಾಸ, ಶೀರ್ಷಿಕೆ, ಪ್ರಗತಿ ನೋಡುವುದಕ್ಕಷ್ಟೇ ಆಪ್‌ನ ಅಧಿಕಾರ ನಿಲ್ಲುವುದಿಲ್ಲ. ವೆಬ್‌ವ್ಯೂ ಆಪ್‌ನದೇ ಆದ್ದರಿಂದ ಒಳಗಿನ ಪುಟಕ್ಕೆ ತನ್ನ ಜಾವಾಸ್ಕ್ರಿಪ್ಟನ್ನು ಸೇರಿಸಬಹುದು. ಆಗ ಯಾವ ಬಟನ್ ಒತ್ತಿದಿರಿ, ಯಾವ ಅಕ್ಷರ ಟೈಪ್ ಮಾಡಿದಿರಿ ಅನ್ನುವುದೂ ಅದಕ್ಕೆ ಕಾಣಬಹುದು. ಸಂಶೋಧಕ ಫೆಲಿಕ್ಸ್ ಕ್ರೌಸ್ 2022ರ ಆಗಸ್ಟ್‌ನಲ್ಲಿ ಕೆಲವು ಹೆಸರಾಂತ ಸಾಮಾಜಿಕ ಜಾಲತಾಣಗಳ ಆಪ್‌ಗಳು ತಮ್ಮೊಳಗೆ ತೆರೆದ ಬೇರೆಯವರ ಪುಟಗಳಿಗೆ ಹೀಗೆ ಕೋಡ್ ಸೇರಿಸುತ್ತವೆ ಅಂತ ತೋರಿಸಿದರು. ಸೇರಿಸುವ ಸಾಮರ್ಥ್ಯ ಇದೆ ಅನ್ನುವುದೂ, ಮಾಹಿತಿ ಕದ್ದಿದ್ದಾರೆ ಅನ್ನುವುದೂ ಒಂದೇ ಅಲ್ಲ ಅಂತ ಅವರೇ ಸ್ಪಷ್ಟಪಡಿಸಿದ್ದರು. ಆದರೆ ಪಾಸ್‌ವರ್ಡ್ ಹಾಕುವವರಿಗೆ ಆ ಸಾಮರ್ಥ್ಯ ಇದೆ ಅನ್ನುವುದು ತಿಳಿದಿರಬೇಕು.

ಈ ಕಾರಣಕ್ಕೇ ಗೂಗಲ್ ತನ್ನ ಖಾತೆಯ ಲಾಗಿನ್ ಪುಟವನ್ನು ವೆಬ್‌ವ್ಯೂ ಒಳಗೆ ತೆರೆಯುವುದನ್ನು ನಿಲ್ಲಿಸುವುದಾಗಿ 2016ರಲ್ಲಿ ಹೇಳಿ, ಮುಂದಿನ ವರ್ಷಗಳಲ್ಲಿ ಜಾರಿಗೆ ತಂದಿತು. ಅದರ ಬದಲು ಬಳಸಲು ಬೇರೆ ಬಗೆಯ ಚೌಕಟ್ಟುಗಳಿವೆ. ಆಂಡ್ರಾಯ್ಡ್‌ನಲ್ಲಿ ಕಸ್ಟಮ್ ಟ್ಯಾಬ್ಸ್, ಐಫೋನ್‌ನಲ್ಲಿ ಸಫಾರಿ ವ್ಯೂ ಕಂಟ್ರೋಲರ್, ಎರಡೂ 2015ರಲ್ಲಿ ಬಂದವು. ಇವು ಆಪ್ ಮೇಲೆ ತೆರೆದರೂ ನಡೆಸುವುದು ಬ್ರೌಸರ್. ನೀವು ಏನು ಬರೆದಿರಿ ಅನ್ನುವುದು ಆಪ್‌ಗೆ ಕಾಣುವುದಿಲ್ಲ. ಕಸ್ಟಮ್ ಟ್ಯಾಬ್ಸ್‌ನಲ್ಲಿ ಪುಟ ಶುರುವಾಯಿತು, ಮುಗಿಯಿತು ಅನ್ನುವಷ್ಟು ಸುದ್ದಿ ಸಿಗುತ್ತದೆ, ಯಾವ ಪುಟ ಅಂತ ಅದು ಹೇಳುವುದಿಲ್ಲ.

ಎರಡನ್ನೂ ಗುರುತಿಸುವುದು ಕಷ್ಟವಲ್ಲ. ಕಸ್ಟಮ್ ಟ್ಯಾಬ್ಸ್ ಆದರೆ ಮೇಲೆ ವಿಳಾಸ ಕಾಣುತ್ತದೆ, ಮೂರು ಚುಕ್ಕಿ ಒತ್ತಿದರೆ ಬರುವ ಪಟ್ಟಿಯಲ್ಲಿ ಬ್ರೌಸರಿನ ಹೆಸರಿರುತ್ತದೆ. ಬರೀ ವೆಬ್‌ವ್ಯೂ ಆದರೆ ವಿಳಾಸ ಕಾಣದಿರುವುದೇ ಹೆಚ್ಚು. ಮೆಸೇಜಿನಲ್ಲೋ ಸಾಮಾಜಿಕ ಜಾಲತಾಣದಲ್ಲೋ ಸಿಕ್ಕ ಲಿಂಕ್ ಒತ್ತಿ ತೆರೆದ ಪುಟ ಪಾಸ್‌ವರ್ಡ್ ಅಥವಾ ಕಾರ್ಡ್ ನಂಬರ್ ಕೇಳಿದರೆ, ಮೂರು ಚುಕ್ಕಿಯ ಪಟ್ಟಿಯಲ್ಲಿ ‘ಬ್ರೌಸರ್‌ನಲ್ಲಿ ತೆರೆಯಿರಿ’ ಅನ್ನುವುದನ್ನು ಆರಿಸಿಕೊಂಡು, ವಿಳಾಸ ಪೂರ್ತಿ ಓದಿ ಮುಂದುವರಿಯಿರಿ. ಹಾಗೆ ಬ್ರೌಸರಿಗೆ ಬಂದಾಗ ಕೆಲವೊಮ್ಮೆ ಮತ್ತೊಮ್ಮೆ ಲಾಗಿನ್ ಕೇಳುತ್ತದೆ. ಅದು ಮೋಸದ ಗುರುತಲ್ಲ. ವೆಬ್‌ವ್ಯೂ ತನ್ನ ಕುಕಿಗಳನ್ನು, ಅಂದರೆ ಲಾಗಿನ್ ನೆನಪಿಡುವ ಗುರುತುಗಳನ್ನು, ಬ್ರೌಸರಿನಿಂದ ಬೇರೆಯಾಗಿ ಇಟ್ಟುಕೊಳ್ಳುವುದರಿಂದ ಅಲ್ಲಿ ಮಾಡಿದ ಲಾಗಿನ್ ಇಲ್ಲಿಗೆ ಬರುವುದಿಲ್ಲ.